ಶನಿವಾರದ ಟೀಚರ್

ಕಾಸ್ತೆಯೋನ್, ಸ್ಪೇನ್
ಮಾರ್ಚ್ 16, 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ವೆತೂರಿಯಾ ಅಕ್ಕನಿಗೆ,

ನೀನೂ ಭಾವನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಕ್ರಿಸ್‌ಮಸ್‌ಗೆ ಮೊದಲು ನೀನು ಬರೆದ ಕಾಗದ ಜನವರಿಯ ಮೊದಲ ವಾರ ಕೈಸೇರಿತು. ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಇದು ಕಿತ್ತಳೆಯ ಕಾಲ, ಬೆಳಿಗ್ಗೆ ಏಳಕ್ಕೆ ಶೆಡ್ಡಿನಲ್ಲಿ ನಿಂತರೆ ಸಂಜೆಯವರೆಗೂ ಹಣ್ಣು ಆರಿಸುವುದೇ ಕೆಲಸ ಎಂದು ನೆಪ ಹೇಳಬಹುದು. ಆದರೆ ಕಾರಣ ಅದಲ್ಲ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು. "ಕತ್ರಿನೆಲ್‌ಗೆ ಅಲ್ಲಿ ಒಗ್ಗದಿದ್ರೆ ಹಟ ಮಾಡಬೇಡ ಕಣೆ, ನನ್ನ ಹತ್ರ ವಾಪಸ್ ಕಳಿಸು." ಅದನ್ನು ಓದಿ ಸಿಟ್ಟಿನಿಂದ ಮಡಚಿಟ್ಟೆ. ಈಗ ಸಿಟ್ಟಿಲ್ಲ. ದುಃಖವೂ ಇಲ್ಲ. ಹಲ್ಲು ಕೀಳುವ ಮೊದಲು ಔಷಧ ಚುಚ್ಚಿದಾಗ ದವಡೆ ಇರುತ್ತದಲ್ಲ, ಹಾಗಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನಗೂ ಮಗಳಿಗೂ ಇರುವುದು ಒಂದೇ ಕೋಣೆ, ಆ ಕಡೆ ನೀನೆಂದು ಗೊತ್ತಾದ ಕೂಡಲೇ ಅವಳು ಫೋನ್ ಕಸಿದುಕೊಳ್ಳುತ್ತಾಳೆ.

ನನ್ನ ಶನಿವಾರದ ರೊಮೇನಿಯನ್ ತರಗತಿ ನಡೆಯುತ್ತಿದೆ. ಇಲ್ಲಿನ ಚರ್ಚಿನವರು ಕೆಳಗಿನ ಹಾಲ್ ಬಿಟ್ಟುಕೊಟ್ಟಿದ್ದಾರೆ. ಐದರಿಂದ ಒಂಬತ್ತು ವರ್ಷದ ಹನ್ನೊಂದು ಮಕ್ಕಳು ಬರುತ್ತಾರೆ. ನಮ್ಮೂರ ಶಾಲೆ ಮಕ್ಕಳಿಲ್ಲದೆ ಮುಚ್ಚಿ ನನ್ನ ಟೀಚರ್ ಕೆಲಸ ಹೋಯಿತಲ್ಲ, ಆ ಮಕ್ಕಳೆಲ್ಲ ಎಲ್ಲಿ ಹೋದರೆಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ನನ್ನ ತರಗತಿಯಲ್ಲಿ ಇಲ್ಲೇ ಹುಟ್ಟಿದವರೇ ಹೆಚ್ಚು. ತಮ್ಮತಮ್ಮಲ್ಲಿ ಸ್ಪ್ಯಾನಿಷ್ ಆಡುತ್ತಾರೆ, ನನ್ನನ್ನು ಕಂಡ ಕೂಡಲೇ ರೊಮೇನಿಯನ್‌ಗೆ ಹೊರಳುತ್ತಾರೆ. ಆರು ವರ್ಷದ ರಾರೆಶ್ ಅಂತೂ ಪ್ರತಿ ವಾರ 'ă' ತೋರಿಸಿ ಅದೇ ಪ್ರಶ್ನೆ ಕೇಳುತ್ತಾನೆ.

"ಟೀಚರ್, ಈ ಅಕ್ಷರ ಯಾಕೆ ತಲೆ ಮೇಲೆ ಬಟ್ಟಲು ಇಟ್ಕೊಂಡಿದೆ?"

"ಸೂಪ್ ಕುಡಿಯೋಕೆ ಕಣೋ ಪೆದ್ದ," ಎಂದು ಹಿಂದಿನ ಬೆಂಚಿನಿಂದ ಕತ್ರಿನೆಲ್ ಉತ್ತರಿಸುತ್ತಾಳೆ. ಟೋಪಿ ಹಾಕಿಕೊಂಡ 'â' ಅಕ್ಷರದ ಸ್ವರವಂತೂ ಅವನ ಬಾಯಲ್ಲಿ ಹೊರಡುವುದೇ ಇಲ್ಲ. ಅದನ್ನು ಕಲಿಸುವ ಕೆಲಸವನ್ನೂ ಇವಳೇ ವಹಿಸಿಕೊಂಡಿದ್ದಾಳೆ. "ಯಾರೋ ಹೊಟ್ಟೆಗೆ ಗುದ್ದಿದಾರೆ ಅನ್ಕೋ. ಹಾಂ, ಈಗ ಅನ್ನು."

ನೀನು ನೋಡಬೇಕಿತ್ತು ಅಕ್ಕ. ವಾರದ ಐದು ದಿನ ಸ್ಪ್ಯಾನಿಷ್ ಶಾಲೆಯಲ್ಲಿ ಅವಳು ಬಾಯಿ ಬಿಡುವುದಿಲ್ಲ. ಭಾಷೆ ಬರುವುದಿಲ್ಲವೆಂದು ಮಕ್ಕಳು ಆಡಿಕೊಳ್ಳುತ್ತಾರಂತೆ. ಶನಿವಾರ ಬೇರೆಯೇ ಹುಡುಗಿ. ನೀನು ಐದು ವರ್ಷ ಸಾಕಿ ತುಂಬಿದ ಮಾತೆಲ್ಲ ಅವಳ ನಾಲಿಗೆಯ ಮೇಲಿದೆ.

ನವೆಂಬರಿನಲ್ಲಿ ತರಕಾರಿಗಳ ಹೆಸರು ಕಲಿಸುತ್ತಿದ್ದೆ. ಆಲೂಗಡ್ಡೆಯ ಚಿತ್ರ ತೋರಿಸಿ ಪುಸ್ತಕದಲ್ಲಿದ್ದಂತೆ 'ಕರ್ತೋಫಿ' ಎಂದೆ. ಕತ್ರಿನೆಲ್ ಕೈ ಎತ್ತಿದಳು.

"ನಮ್ಮಮ್ಮ ಹಾಗನ್ನಲ್ಲ. 'ಬರಾಬುಲೆ' ಅಂತಾಳೆ."

ರಾರೆಶ್‌ನ ತಾಯಿ ದೋಮ್ನಿಕಾ ಬಾಗಿಲಲ್ಲಿ ನಿಂತಿದ್ದಳು. "ಏ ಹುಡುಗಿ, ನಿಮ್ಮಮ್ಮ ಇಲ್ಲೇ ನಿಂತಿದಾಳಲ್ಲೇ" ಎಂದು ನಕ್ಕಳು.

"ಇವರು ಟೀಚರ್," ಎಂದಳು ಕತ್ರಿನೆಲ್.

ಒರಟಾಗಿ ಹೇಳಲಿಲ್ಲ. ತಿಳಿಯದವರಿಗೆ ತಿಳಿಸಿದ ಹಾಗೆ ಹೇಳಿದಳು. ತರಗತಿಯಲ್ಲಿ ಎಲ್ಲರಂತೆ ನನ್ನನ್ನು ಟೀಚರ್ ಎನ್ನು ಎಂದು, ಅವಳು ಇಲ್ಲಿಗೆ ಬಂದ ಆಗಸ್ಟಿನಲ್ಲಿ ನಾನೇ ಹೇಳಿಕೊಟ್ಟಿದ್ದೆ. ಅದು ಮನೆಗೂ ಬಂತು. "ಟೀಚರ್, ಟವೆಲ್ ಎಲ್ಲಿದೆ?" "ಟೀಚರ್, ನೀವು ಊಟ ಮಾಡಿದ್ರಾ?" ಮೊದಲು ಆಟವೆಂದುಕೊಂಡೆ. ನಿನಗೆ ಫೋನಿನಲ್ಲಿ 'ನೀನು' ಎನ್ನುತ್ತಾಳೆ, ನನಗೆ 'ನೀವು'. ಆ ಹೊತ್ತಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಈಗೇಕೆ ಮುಚ್ಚಿಡಲಿ?

ಕಳೆದ ವಾರ, ಮಾರ್ಚ್ ಎಂಟಕ್ಕೆ, ತಾಯಂದಿರ ಹಬ್ಬ ಶನಿವಾರವೇ ಬಂದಿತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲವೇ, ಮೊಟ್ಟೆ ಬೆಣ್ಣೆ ಏನೂ ಇಲ್ಲದೆ ಕುಂಬಳಕಾಯಿ ಹೂರಣದ ಪ್ಲಚಿಂತಾ ಮಾಡಿಕೊಂಡು ಹೋಗಿದ್ದೆ. ಮಕ್ಕಳು ಕಾಗದದಲ್ಲಿ ಹೂ ಕತ್ತರಿಸಿ ಅಂಟಿಸಿ, ಅಮ್ಮನಿಗೆ ಮೂರು ಸಾಲು ಬರೆದರು. ಮಧ್ಯಾಹ್ನ ತಾಯಂದಿರು ಬಂದು ಗೋಡೆಗುಂಟ ನಿಂತರು. ಒಂದೊಂದೇ ಮಗು ಎದ್ದು ಓದಿ, ತನ್ನ ತಾಯಿಗೆ ಕಾರ್ಡು ಕೊಟ್ಟು ಅಪ್ಪಿಕೊಂಡಿತು. ರಾರೆಶ್‌ಗೆ ಎರಡನೇ ಸಾಲಿನಲ್ಲಿ ಆ ಸ್ವರ ಬಂದೇಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಯವಳು ಕತ್ರಿನೆಲ್. ತಪ್ಪಿಲ್ಲದೆ ಓದಿದಳು. "ಅಮ್ಮಾ, ಕರು ಎಷ್ಟು ದೊಡ್ಡದಾಯ್ತು? ನಿನ್ನ ಮೊಣಕಾಲು ನೋವು ಕಡಿಮೆ ಆಯ್ತಾ? ನಾನು ಅಳಲ್ಲ." ಆಮೇಲೆ ನನ್ನ ಮುಂದೆ ಬಂದು ಕಾರ್ಡು ಚಾಚಿದಳು. ನಾನು ತೋಳು ಅಗಲಿಸಿದ್ದೆ.

"ಟೀಚರ್, ಇದನ್ನ ಅಂಚೆಗೆ ಹಾಕ್ತೀರಾ? ವಿಳಾಸ ನಿಮಗೆ ಗೊತ್ತಲ್ಲ."

ದೋಮ್ನಿಕಾ ಏನಾದರೂ ಹೇಳಬೇಕಲ್ಲ ಎಂದು, "ಕುಂಬಳಕಾಯಿ ತುಂಬ ಸಿಹಿ ಇದೆ, ಎಲ್ಲಿ ತಂದ್ರಿ?" ಎಂದು ಕೇಳಿದಳು. ಮಂಗಳವಾರದ ಸಂತೆಯಲ್ಲಿ ಎಂದೆ. ಕಾರ್ಡನ್ನು ಚೀಲಕ್ಕೆ ಹಾಕಿಕೊಂಡೆ. ಎಲ್ಲರಿಗೂ ತಟ್ಟೆ ಕೊಟ್ಟೆ. ಅವರು ಹೋದ ಮೇಲೆ ನೆಲದ ಮೇಲಿನ ಕಾಗದದ ಚೂರು ಗುಡಿಸಿ, ಬೆಂಚು ಜೋಡಿಸಿ, ಬೀಗ ಹಾಕಿ ಬಂದೆ. ಅಳು ಬರಲಿಲ್ಲ. ಬರುತ್ತದೆಂದು ಮನೆಯಲ್ಲಿ ಸ್ವಲ್ಪ ಹೊತ್ತು ಬಚ್ಚಲಲ್ಲಿ ನಿಂತು ಕಾದೆ. ಬರಲಿಲ್ಲ. ಕೈ ತೊಳೆದು ಬಂದು ಒಲೆ ಹೊತ್ತಿಸಿದೆ.

ಊಟಕ್ಕೆ ಕೂತಾಗ ಕೇಳಿದೆ. "ನಿನಗೆ ಅಲ್ಲಿಗೆ ವಾಪಸ್ ಹೋಗಬೇಕಾ?"

ಚಮಚ ಕೆಳಗಿಟ್ಟಳು. "ಹೋಗಬಹುದಾ?"

"ಹೋಗಬಹುದು."

"ಈಗ್ಲೇನಾ, ಶಾಲೆ ಮುಗಿದ ಮೇಲಾ?"

"ಮುಗಿದ ಮೇಲೆ. ಜೂನ್‌ನಲ್ಲಿ."

ಯೋಚಿಸಿದಳು. "ನಾನು ಹೋದ್ರೆ ನಿಮಗೆ ತರಗತಿಯಲ್ಲಿ ಕಷ್ಟ ಆಗುತ್ತೆ. ಚಿಕ್ಕವರು ನಿಮ್ಮ ಮಾತು ಕೇಳಲ್ಲ."

"ನೋಡ್ಕೋತೀನಿ," ಎಂದೆ. ಅವಳು ಚಮಚ ಎತ್ತಿಕೊಂಡು ಎರಡು ಸಲ ಹಾಕಿಸಿಕೊಂಡು ಉಂಡಳು. ಇಲ್ಲಿಗೆ ಬಂದ ಮೇಲೆ ಹಾಗೆ ಉಂಡದ್ದು ಅದೇ ಮೊದಲು.

ಹೀಗಾಯಿತು ಅಕ್ಕ. ಜೂನ್ ಕೊನೆಯ ವಾರ ನಾನೇ ಕರೆದುಕೊಂಡು ಬರುತ್ತೇನೆ. ಶಾಲೆಗೆ ಸೇರಿಸಲು ಬೇಕಾದ ಕಾಗದಪತ್ರ ಭಾವ ಈಗಲೇ ವಿಚಾರಿಸಲಿ. ಸಹಿ ಎಲ್ಲಿ ಹಾಕಬೇಕೋ ಅಲ್ಲಿ ಹಾಕುತ್ತೇನೆ. ಕಿಟಕಿಯ ಪಕ್ಕದ ಅವಳ ಹಾಸಿಗೆ ಹಾಗೇ ಇದೆಯೆಂದು ಬರೆದಿದ್ದೆಯಲ್ಲ, ಅವಳಿಗೆ ಓದಿ ಹೇಳಿದೆ. ಕಾರ್ಡು ಇದರ ಜೊತೆಗಿದೆ. ಭಾವನಿಗೆ ನನ್ನ ನಮಸ್ಕಾರ. ನಿನ್ನ ಮೊಣಕಾಲಿಗೆ ಮುಲಾಮು ಕಳಿಸಿದ್ದೇನೆ, ಹಚ್ಚಿಕೋ, ಎತ್ತಿಡಬೇಡ. ಈಸ್ಟರ್ ನಿಮ್ಮ ಮನೆಗೆ ಬೆಳಕು ತರಲಿ, ದೇವರು ನಿನ್ನ ಕೈಗೆ ಶಕ್ತಿ ಕೊಡಲಿ.

ನಿನ್ನ ತಂಗಿ
ರುಕ್ಸಾಂದ್ರಾ

ಮತ್ತೊಂದು ಮಾತು: ನಾನು ಊರು ಬಿಟ್ಟ ಬೆಳಿಗ್ಗೆ ನೀನು ಹಾಲು ಕರೆಯಲು ಹೋಗಿದ್ದೆ. ಬಂದು, ಮಗು ಎದ್ದಿತ್ತಾ ಎಂದು ಕೇಳಿದೆ. ಮಲಗಿತ್ತು, ಎಬ್ಬಿಸಲಿಲ್ಲ ಎಂದು ನಾನು ಹೇಳಿದೆ. ಅದು ಸುಳ್ಳು. ಅವಳು ಎದ್ದಿದ್ದಳು. ಬರಿಗಾಲಲ್ಲಿ ಬಂದು ನನ್ನ ಕೋಟು ಹಿಡಿದಳು. ಅಂಗಡಿಯಿಂದ ಬ್ರೆಡ್ ತರ್ತೀನಿ, ಮಲಗಿರು ಎಂದೆ. ನಂಬಿ ಹೋಗಿ ಮಲಗಿದಳು. ಆಗ ಅವಳಿಗೆ ಮೂರೂವರೆ ವರ್ಷ. ಆಮೇಲೆ ಒಂದು ವರ್ಷ ನೀನು ಪ್ರತಿ ಕಾಗದದಲ್ಲೂ ಬರೆದೆ, ನೀನು ಅಂಗಡಿಗೆ ಹೊರಟರೆ ಸಾಕು ಮಗು ಉಸಿರು ಕಟ್ಟುವಂತೆ ಅಳುತ್ತದೆ, ಯಾಕೋ ತಿಳಿಯದು ಎಂದು. ನನಗೆ ತಿಳಿದಿತ್ತು. ಬರೆಯಲಿಲ್ಲ.

ನಿನ್ನೆ ತರಗತಿ ಮುಗಿಸಿ ಬರುವಾಗ ಅವಳಿಗೆ, ನಾನೇ ಬಂದು ನಿನ್ನನ್ನು ಊರಲ್ಲಿ ಬಿಟ್ಟು ಬರ್ತೀನಿ ಎಂದೆ. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು.

"ಟೀಚರ್, ಈ ಸಲ ಹೇಳಿ ಹೋಗ್ತೀರಾ?"