ಮಿತಿನಿಯ ಊರಿಗೆ ಹೋದ ರಾಜಧಾನಿ

ಅಸೋಜ್ ೨೧, ಬುಟ್ವಲ್, ನೇಪಾಳ

ಮೆಣಸಿನಕಾಯಿ ಹರವಲು ಮಹಡಿ ಹತ್ತಿದರೆ ಟೈರ್ ಸುಟ್ಟ ಹೊಗೆ. ಎಲ್ಲ ಬಾಚಿಕೊಂಡು ಕೆಳಗಿಳಿದೆ. ಪ್ರಾಂತದ ರಾಜಧಾನಿ ನಮ್ಮ ಬುಟ್ವಲ್ ಬಿಟ್ಟು ದೇವುಖುರಿಗೆ ಹೋಗುವುದು ಖಾಯಂ ಅಂತೆ. ನಮ್ಮ ಬಾಡಿಗೆಯವರು ಸರ್ಕಾರಿ ನೌಕರರು — ಅವರೂ ಹೊರಡುವವರೇ.

ರಾಜಧಾನಿ ಬಿಟ್ಟುಕೊಡೆವು ಅಂತ ಬೀದಿಯಲ್ಲಿ ಎಲ್ಲ ಸೇರಿದ್ದೆವು. ಆಗಲೇ ದೇವುಖುರಿಯಿಂದ ಮಿತಿನಿಯ ಫೋನ್. ಅವಳು ಥಾರೂ ಜನದವಳು; ಹುಡುಗಿಯರಾಗಿದ್ದಾಗ ಹಣೆಗೆ ಟೀಕಾ ಇಟ್ಟು ಕಟ್ಟಿಕೊಂಡ ಗೆಳೆತನದ ನಂಟು, ಒಡಹುಟ್ಟಿದವಳಿಗಿಂತ ಹೆಚ್ಚು; ಅಂದಿನಿಂದ ಅವಳಿಗೆ ನಾನೂ ಮಿತಿನಿ, ನನಗೆ ಅವಳೂ ಮಿತಿನಿ. ನನಗೆ ಕಿವಿ ಮಂದ, ಸ್ಪೀಕರ್ ಹಾಕಿದೆ.

"ಮಿತಿನಿ, ಕೇಳಿದ್ಯೇನೇ? ಇನ್ಮೇಲೆ ಮಂತ್ರಿಗಳೆಲ್ಲ ನಮ್ಮೆಮ್ಮೆಗೆ ನಮಸ್ಕಾರ ಹೊಡ್ದೇ ಆಫೀಸಿಗೆ ಹೋಗ್ಬೇಕು!"

ಎದುರುಮನೆಯ ಖೀಮಲಾಲ್ ನನ್ನ ಮುಖ ನೋಡಿದ. ಎಲ್ಲರೂ ನೋಡಿದರು. ಬಾಯಿಂದ ಬಂದೇಬಿಟ್ಟಿತು —

"ಗದ್ದೆ ಇಲಿ ತಿನ್ನೋ ಥಾರೂಗಳಿಗೆ ರಾಜಧಾನಿ ಬೇರೆ ಕೇಡು!"

"ಭಲೇ ದೀದಿ!" ಎಂದ ಖೀಮಲಾಲ್. ಜನ ನಕ್ಕರು. ಆ ಕಡೆ ಮಿತಿನಿ ಫೋನ್ ಇಟ್ಟುಬಿಟ್ಟಳು.

ಅಸೋಜ್ ೨೩

ಫೋನ್ ಎತ್ತುತ್ತಿಲ್ಲ. ಆ ಇಲಿ ನಾನೂ ತಿಂದವಳೇ — ಅವಳಮ್ಮನ ಒಲೆ ಮುಂದೆ ಕೂತು, ಇನ್ನಷ್ಟು ಕೇಳಿ ಹಾಕಿಸಿಕೊಂಡು.

ಕಾರ್ತಿಕ ೪

ಇವತ್ತು ಅವಳ ಸೊಸೆ ಎತ್ತಿದಳು.

"ಅತ್ತೆ ಗದ್ದೇಲಿದಾರೆ, ಮಿತಿನಿಯಮ್ಮ. ಇರೋವಷ್ಟು ದಿನ ಇರ್ಲಿ ಬಿಡಿ."

"ಅಂದ್ರೆ?"

"ಅಳತೆಯೋರು ಬಂದು ಗೂಟ ಹೊಡೆದು ಹೋಗಿದ್ರಲ್ಲ. ಬಾವಿ ಪಕ್ಕದ ಗದ್ದೆ ಪೂರ್ತಿ ರಾಜಧಾನಿಗಂತೆ. ಅವತ್ತು ಫೋನ್ ಮಾಡಿದ್ದೂ ಅದಕ್ಕೇ. ನಿಮ್ಮ ಬಾಡಿಗೆಯೋರು ಆಫೀಸಿನೋರು, ಒಂದ್ಮಾತು ಕೇಳಿಸೋಣ ಅಂತ. ಮೊದ್ಲು ಮಿತಿನೀನ ನಗಿಸ್ತೀನಿ, ಆಮೇಲೆ ಹೇಳ್ತೀನಿ ಅಂದ್ರು."

ಫೋನ್ ಇಟ್ಟುಬಿಟ್ಟೆ.

ಕಾರ್ತಿಕ ೧೩, ವಾಪಸು ಬಸ್ಸಿನಲ್ಲಿ

ದಶೈಂ ಹಬ್ಬದ ಟೀಕಾ ಇಡಲು ಅಂತ ಮಿತಿನಿಯ ಮನೆಗೆ ಹೋದೆ. ಬಾಡಿಗೆಯವರಿಂದ ತಿಳಿದದ್ದನ್ನೂ ಹೇಳಬೇಕಿತ್ತು — ತಕರಾರು ಅರ್ಜಿ ಕೊಡಬಹುದಂತೆ. ಎಂದಿನಂತೆ ಚಾಪೆ ಹಾಸಲಿಲ್ಲ. ಕುರ್ಚಿ ತಂದಿಟ್ಟಳು.

"ಬನ್ನಿ ದಿಲ್‌ಸರಾ ಅವರೇ, ಕೂತ್ಕೊಳ್ಳಿ. ನೀವು ತಿನ್ನೋ ಅಂಥದ್ದು ನಮ್ಮನೇಲಿ ಏನೂ ಇಲ್ಲ. ಅಂಗಡಿಯಿಂದ ಬಿಸ್ಕತ್ತು ತರಿಸ್ತೀನಿ."

ಮಿತಿನಿಯರು ಹೆಸರು ಹಿಡಿದು ಕರೆಯುವುದಿಲ್ಲ. ಜಗಳದಲ್ಲೂ ಇಲ್ಲ, ಸತ್ತ ಮೇಲೂ ಇಲ್ಲ. ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಇದೇ ಮೊದಲು. ಯಾರನ್ನೋ ಕರೆದಳೆಂದು ಹಿಂದೆ ತಿರುಗಿ ನೋಡಿದೆ.

ಅರ್ಜಿಯ ವಿಷಯ ಕೇಳಿ, "ಉಪಕಾರ ಆಯ್ತು" ಎಂದಳು. ಬಿಸ್ಕತ್ತು ತಿಂದೆ. ತಿನ್ನದೆ ಎದ್ದು ಬರುವ ಧೈರ್ಯವಾಗಲಿಲ್ಲ. ಅಂಗಳ ದಾಟಿ "ಮಿತಿನಿ" ಎಂದು ಕೂಗಿದೆ. ಸೊಸೆ ತಿರುಗಿ ನೋಡಿದಳು. ಮಿತಿನಿ ತಿರುಗದೆ ಕುರ್ಚಿ ಎತ್ತಿಕೊಂಡು ಒಳಗೆ ಹೋದಳು.