ಬಿಚ್ಚಿಟ್ಟ ರೇಡಿಯೋಗಳಿಗೆ ಎರಡನೆಯ ದಿನ ಬೇಕು

ರಿಪ್ಪನ್‌ಪೇಟೆ, ೧೯೮೩

ಸಭಾಭವನದ ಬೀಗದ ಕೈಗೆ ಒಡೆಯರಾದ ಮಾನ್ಯ ಅಧಿಕಾರಿಗಳೇ,

ನಮ್ಮ ರೇಡಿಯೋ ರಿಪೇರಿ ಸಮ್ಮೇಳನವನ್ನು ತಾವು ಮೊದಲ ದಿನದ ಸಂಜೆಗೇ ಮುಗಿಸಿಬಿಟ್ಟಿರಿ. ಪರಿಣಾಮವಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರೇಡಿಯೋಗಳು ಹೊಟ್ಟೆ ಬಗೆಸಿಕೊಂಡು ಒಳಗೆ ಮಲಗಿವೆ. ಹೊರಗೆ ತಮ್ಮ ಬೀಗ ತೂಗುತ್ತಿದೆ.

ಸಮ್ಮೇಳನ ಎಷ್ಟು ದಿನವಿರಬೇಕೆಂದು ನಾವು ಬಾಯಿಗೆ ಬಂದಂತೆ ನಿರ್ಧರಿಸಿದ್ದಲ್ಲ. ಸಂಬಳವಿಲ್ಲದವರು ನಾವು, ಅಡುಗೆಯೂ ನಮ್ಮದೇ, ಭಾಷಣವೂ ನಮ್ಮದೇ. ಸೈಕಲ್ ಶಾಪಿನ ಜಗುಲಿಯಲ್ಲಿ ಕೂತು ವಾದಿಸಿದೆವು. ಅಡುಗೆಯ ಹೊಣೆ ಹೊತ್ತ ಹೂವಯ್ಯ, "ಒಂದೇ ದಿನ ಸಾಕು ಮಾರಾಯ್ರಾ. ಎರಡನೇ ದಿನಕ್ಕೆ ನನ್ ಸೊಂಟ ಯಾರು ರಿಪೇರಿ ಮಾಡ್ತೀರಿ?" ಎಂದ. ರಿಪೇರಿ ಕಲಿಸಬೇಕಿದ್ದ ಮುಕುಂದಯ್ಯನವರು, "ಅಡಿಕೆ ಕೊಯ್ಲಲ್ಲಿ ಎಂತ ಮಾಡ್ತೀವಿ? ಎಲ್ಲ ಕೂತು ಸುಲಿದು ಮುಗಿಸ್ತೀವಿ, ಆಮೇಲೆ ಬೇಯಿಸ್ತೀವಿ. ಇದೂ ಹಂಗೇಯ. ಮೊದಲ್ನೇ ದಿನ ಎಲ್ಲಾ ಬಿಚ್ಚೋದು, ಎರಡನೇ ದಿನ ಎಲ್ಲಾ ಕೂಡ್ಸೋದು" ಎಂದರು. ಆಹಾ, ಎಂಥ ವಿವೇಕ ಎನಿಸಿತು. ಎರಡು ದಿನವೆಂದು ತೀರ್ಮಾನವಾಯಿತು. ತಾವೂ ಸಹಿ ಹಾಕಿದಿರಿ.

ಆದರೆ ಕಟ್ಟಕಡೆಯ ಸ್ಕ್ರೂ ಬಿಚ್ಚಿ ನಾವು ಚಪ್ಪಾಳೆ ತಟ್ಟುತ್ತಿದ್ದಾಗಲೇ ತಮ್ಮ ಜವಾನ ಬೆಳ್ಳಪ್ಪ ಹೊಸ ಆದೇಶ ತಂದ: ರಿಪೇರಿಯಂಥ ಅಲ್ಪ ವಿಷಯಕ್ಕೆ ಒಂದು ದಿನ ಧಾರಾಳ. ಮಾನ್ಯರೇ, ನಾನು ಕಂಪನಿ ನಾಟಕಗಳಲ್ಲಿ ರಾಕ್ಷಸನಾಗಿ ಬೆಳೆದವನು. ನನ್ನ ತಲೆ ಹಾರಿಸಲು ರಾಜ ಕತ್ತಿ ಎತ್ತಿದಾಗ ಯಾವ ಮ್ಯಾನೇಜರನೂ ಪರದೆ ಎಳೆದದ್ದಿಲ್ಲ. ಎಳೆದಿದ್ದರೆ ಪ್ರೇಕ್ಷಕರು ಬೆಂಚು ಎತ್ತುತ್ತಿದ್ದರು.

ಬೀಗ ತೆಗೆಯೆಂದರೆ ಬೆಳ್ಳಪ್ಪ ತಮ್ಮದೇ ಮಾತು ಹೇಳುತ್ತಾನೆ: "ಸಮ್ಮೇಳನ ಮುಗಿದಿದ್ರೆ ಒಳಗೆಂತ ಕೆಲ್ಸ ಅಂತಾರೆ ಸಾಹೇಬ್ರು. ಮುಗೀದೇ ಇದ್ರೆ ಪರ್ಮಿಷನ್ ಎಲ್ಲಿದೆ ಅಂತಾರೆ. ನೀವೇ ಹೇಳಿ, ನಾನೆಂತ ಮಾಡ್ಲಿ?" ಇಂಥ ಸಂಭಾಷಣೆ ಬರೆಯಬಲ್ಲ ಕವಿ ನಮ್ಮ ಕಂಪನಿಯಲ್ಲೂ ಇರಲಿಲ್ಲ.

ಮೇಳಿಗೆಯ ದುಗ್ಗಮ್ಮನವರ ಮೊಮ್ಮಗಳು ಶರಾವತಿಯ ಹಾಡು ಬರುವ ಭಾನುವಾರ ಭದ್ರಾವತಿ ಆಕಾಶವಾಣಿಯಲ್ಲಿ ಪ್ರಸಾರವಾಗಲಿದೆ. ಅಜ್ಜಿಯ ರೇಡಿಯೋ ಚೆನ್ನಾಗಿಯೇ ಇತ್ತು. ಮೊಮ್ಮಗಳ ದನಿ ಇನ್ನೂ ಸ್ವಲ್ಪ ಜೋರಾಗಿ ಕೇಳಲೆಂದು ತಂದಿದ್ದರು. ನಿನ್ನೆ ಬಸ್ಸಿಳಿದು ಬಂದು ಸಭಾಭವನದ ಕಿಟಕಿಯಲ್ಲಿ ಇಣುಕಿದರು.

"ಹೇರಂಬಾ, ಅದ್ರಲ್ಲಿ ನಂದು ಯಾವ್ದು?"

ನಾನು ಪೆಟ್ಟಿಗೆ ತೋರಿಸಿದೆ.

"ಅದು ಪೆಟ್ಟಿಗೆಯಾಯ್ತು. ಹಾಡೋದು ಯಾವ್ದು?"

ಮೈಕಿಲ್ಲದೆ ಕೊನೆಯ ಸಾಲಿಗೆ ಗರ್ಜಿಸುತ್ತಿದ್ದ ನಾನು ಕಿಟಕಿಯ ಸರಳಿಗೆ ಮುಖವೊತ್ತಿ, ಬಿಡಿಭಾಗಗಳ ಯಾವ ತಟ್ಟೆಯಲ್ಲಿ ಅಜ್ಜಿಯ ಸ್ಪೀಕರಿದೆಯೆಂದು ಹುಡುಕತೊಡಗಿದೆ.

ಆದ್ದರಿಂದ, ಭಾನುವಾರಕ್ಕೆ ಮೊದಲು ನಮ್ಮ ಎರಡನೆಯ ದಿನವನ್ನು ನಮಗೆ ಕೊಡಿ. ಅರ್ಧ ದಿನ ಬೇಡ. ಅವಸರದಲ್ಲಿ ಕೂಡಿಸಿದರೆ ಯಾರ ಸ್ಪೀಕರು ಯಾರ ಪೆಟ್ಟಿಗೆ ಸೇರೀತೋ ಹೇಳಲಾಗದು.

ಅಂದ ಹಾಗೆ, ಸಮ್ಮೇಳನದ ದಿನ ಬೆಳಿಗ್ಗೆ ತಮ್ಮ ಮನೆಯವರು ಬೆಳ್ಳಪ್ಪನ ಕೈಯಲ್ಲಿ ಚರ್ಮದ ಚೀಲದ ರೇಡಿಯೋ ಒಂದನ್ನು ಕಳಿಸಿದ್ದರು. ಅದೂ ಒಳಗಿದೆ, ಮೂಲೆಯ ಮೇಜಿನ ಮೇಲೆ, ಮೂರು ತಟ್ಟೆಗಳಲ್ಲಿ. ಅದನ್ನು ಕೂಡಿಸಲು ಎಷ್ಟು ಹೊತ್ತು ಧಾರಾಳವೆಂಬುದನ್ನು ಮಾತ್ರ ತಾವೇ ನಿರ್ಧರಿಸಿ.

ಇಂತಿ,
ಅರ್ಧ ಸಮ್ಮೇಳನದ ಪೂರ್ಣ ಸಂಚಾಲಕ,
ಹೇರಂಬ