ಗಾಜು ಒಡೆದುಕೊಂಡು ಬಿದ್ದವನು

ಮಾರ್ಚ್ 3, ಮಂಗಳವಾರ, ಸಂಜೆ

ಮತ್ತೆ ದೆವ್ವದ ಸಿನಿಮಾ. ಅಂಗಡಿಗೆ ರಜೆ, ಮಧ್ಯಾಹ್ನದ ಆಟ. ಇಡೀ ಸಾಲಿಗೆ ನಾನೊಬ್ಬನೇ. ಹಿಂದೆ ಒಂದು ಜೋಡಿ — ಅವರು ಸಿನಿಮಾ ನೋಡಲು ಬಂದವರಲ್ಲ.

ದೆವ್ವ ಸುಮಾರು. ತಲೆ ಬಾಚಿಕೊಂಡಿದ್ದರೆ ಇನ್ನೂ ಹೆದರಿಸುತ್ತಿತ್ತು. ಕೆದರಿದ ಕೂದಲು ನೋಡಿ ಸಾಕಾಗಿದೆ, ಬೆಳಿಗ್ಗೆ ಎದ್ದಾಗ ಅತ್ತೆಯೂ ಹಾಗೇ ಇರುತ್ತಾಳೆ. ಒಂದೇ ಒಂದು ಒಳ್ಳೆಯ ಜಾಗ: ಖಾಲಿ ಕೋಣೆಯಲ್ಲಿ ಕುರ್ಚಿ ಮೆಲ್ಲಗೆ ಬಾಗಿಲ ಕಡೆ ತಿರುಗುತ್ತದೆ. ಅಷ್ಟೇ ಸಾಕಿತ್ತು. ತಕ್ಷಣ ಢಮಾರ್ ಅಂತ ಮ್ಯೂಸಿಕ್ ಹಾಕಿ ಕೆಡಿಸಿದರು. ಹೆದರಿಸುವವನಿಗೇ ಧೈರ್ಯವಿಲ್ಲ.

ಅಪ್ಪ ಇದರಲ್ಲಿ ಇಲ್ಲ. ಹಿಂದೊಮ್ಮೆ ದೆವ್ವ ಆಗಿದ್ದ — ವಿಗ್ಗು, ಬಿಳಿ ಬಟ್ಟೆ, ಸೂರಿನಿಂದ ತಲೆಕೆಳಗಾಗಿ ನೇತಾಟ. ಅತ್ತೆ ಟೀವಿ ಮುಂದೆ ಕಿಟಾರನೆ ಕಿರುಚಿಕೊಂಡು, ಆಮೇಲೆ “ಅಯ್ಯೋ, ನನ್ನ ತಮ್ಮ! ತಲೆಗೆ ರಕ್ತ ಇಳಿಯಲ್ವೇನೋ?” ಅಂದಿದ್ದಳು.

ಅಪ್ಪ ಡೂಪ್. ಹೀರೋ ಬದಲು ಬೀಳುವುದು, ಉರುಳುವುದು, ಸುಟ್ಟುಕೊಳ್ಳುವುದು. ಕ್ಯಾಮೆರಾಕ್ಕೆ ಅವನ ಬೆನ್ನು ಮಾತ್ರ ಬೇಕು. ಶೂಟಿಂಗ್ ನಡೆಯುವ ಊರಲ್ಲೇ ಇರುತ್ತಾನೆ. ಅಮ್ಮ ಹೋದಾಗಿನಿಂದ ನಾನು ಅತ್ತೆಯ ಮನೆಯಲ್ಲಿ. ಭಾನುವಾರ ಫೋನ್ ಮಾಡುತ್ತಾನೆ. ಮೊದಲ ಮಾತು ಅದೇ — “ಕಂಡೆನೇನೋ?” ಕಂಡಿದ್ದರೆ ಹೌದು ಅನ್ನುತ್ತೇನೆ. ಕಾಣದಿದ್ದರೆ ಇಲ್ಲ.

ಅತ್ತೆಗೆ ಅದು ಆಗದು. “ಕಂಡೆ ಅಂದ್ರೆ ನಾಲಿಗೆ ಸವೆದುಹೋಗುತ್ತಾ?” ಅವಳಿಗಂತೂ ಟೀವಿಯಲ್ಲಿ ಬೀಳುವವರೆಲ್ಲ ತಮ್ಮನೇ. ಮೆಟ್ಟಿಲಿಂದ ಉರುಳಿದರೂ, ರೈಲಿನಿಂದ ಹಾರಿದರೂ “ನೋಡೋ, ನಿಮ್ಮಪ್ಪ!” ಹೋದ ವಾರ ಡೊಳ್ಳುಹೊಟ್ಟೆಯವನೊಬ್ಬ ಬಾವಿಗೆ ಬಿದ್ದ. ಅದು ಅಪ್ಪ ಅಲ್ಲ ಅಂದೆ. “ಈಚೆಗೆ ಸ್ವಲ್ಪ ದಪ್ಪ ಆಗಿದಾನೆ ಬಿಡು” ಅಂದಳು.

ಮಾರ್ಚ್ 10, ಮಂಗಳವಾರ

ದೊಡ್ಡ ಆ್ಯಕ್ಷನ್ ಸಿನಿಮಾ. ಅಪ್ಪ ಮೊದಲೇ ಹೇಳಿದ್ದ: “ನೀಲಿ ಶರ್ಟು. ಆಸ್ಪತ್ರೆ ಕಿಟಕಿ. ಗಾಜು ಒಡ್ಕೊಂಡು ಬೀಳೋದು ನಾನೇ. ಕಣ್ಣು ಮಿಟುಕಿಸ್ಬೇಡ.”

ಸಿನಿಮಾ ಉದ್ದ ಜಾಸ್ತಿ, ಬುದ್ಧಿ ಕಮ್ಮಿ. ಹೀರೋಗೆ ಭುಜಕ್ಕೆ ಗುಂಡು, ಮುಂದಿನ ಹಾಡಿನಲ್ಲಿ ಅದೇ ಕೈಯಿಂದ ಹೀರೋಯಿನ್‌ನ ಎತ್ತಿ ತಿರುಗಿಸುತ್ತಾನೆ. ವಿಲನ್‌ಗೆ ಮಾತಿನ ಚಪಲ. ಅಷ್ಟು ಮಾತಾಡುವಷ್ಟರಲ್ಲಿ ಊರನ್ನೇ ಸುಡಬಹುದಿತ್ತು.

ಗಾಜಿನ ಸೀನ್ ಮಾತ್ರ ಚೆಂದ. ಸುಳ್ಳು ಹೇಳಬಾರದು, ಮೈ ಜುಮ್ ಅಂದಿತು. ಎಲ್ಲರೂ ಶಿಳ್ಳೆ ಹೊಡೆದರು.

ನಾನು ಹೊಡೆಯಲಿಲ್ಲ. ಬಿದ್ದವನು ಬಲಕ್ಕೆ ಹೊರಳಿದ.

ಅಪ್ಪ ಬಲಕ್ಕೆ ಹೊರಳುವುದಿಲ್ಲ. ನಾನು ಚಿಕ್ಕವನಿದ್ದಾಗ ಅವನ ಬಲಭುಜ ಮುರಿದು ಒಳಗೆ ಪ್ಲೇಟ್ ಹಾಕಿದ್ದಾರೆ. ಅಂದಿನಿಂದ ಎಷ್ಟೇ ಎತ್ತರದಿಂದ ಬಿದ್ದರೂ ಎಡಕ್ಕೇ. ಹೀರೋ ಬದಲಾಗುತ್ತಾನೆ, ಶರ್ಟು ಬದಲಾಗುತ್ತದೆ, ಆ ಎಡ ಹೊರಳು ಬದಲಾಗದು. ನಾನು ಅವನನ್ನು ಹುಡುಕುವುದೇ ಹಾಗೆ.

ಇನ್ನೊಂದು ಟಿಕೆಟ್ ತೆಗೆದು ಸಂಜೆ ಆಟಕ್ಕೂ ಕೂತೆ.

ಬಲಕ್ಕೇ.

ಮಾರ್ಚ್ 11

ಅಂಗಡಿಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವಾಗ ಎರಡು ಸಲ ದಾರ ತಪ್ಪಿತು. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ನೋಡಿದರು. “ಏನೋ ಇದು? ಹೊಲಿಗೆ ಹಾಕಿದ್ದೋ, ಹಾವು ಬಿಟ್ಟಿದ್ದೋ?”

ಹೇಳಿಬಿಟ್ಟೆ. ಹೇಳಲು ಬೇರೆ ಯಾರಿದ್ದಾರೆ.

“ಕಂಡೆ ಅಂತ ಅಂದ್ಬಿಡು. ಮಕ್ಕಳ ಹತ್ರ ಒಂದು ಸುಳ್ಳು ಹೇಳೋ ಹಕ್ಕು ಎಲ್ಲ ಅಪ್ಪಂದಿರಿಗೂ ಇದೆ ಕಣೋ.”

“ನೀವು ನಿಮ್ಮ ಮಗನಿಗೆ ಏನು ಸುಳ್ಳು ಹೇಳಿದೀರಿ?”

“ನೀನು ಜಾಣ ಅಂತ.”

ನಕ್ಕೆ. ಆದರೂ ಆಗದು. ಹತ್ತನೇ ಕ್ಲಾಸಲ್ಲಿ ಎಲ್ಲರೂ ಏನಾದರೊಂದು ಗೀಚಿ ಪಾಸಾದರು. ನಾನು ಗೊತ್ತಿಲ್ಲದ್ದನ್ನು ಬರೆಯುವುದೇಕೆ ಅಂತ ಖಾಲಿ ಹಾಳೆ ಕೊಟ್ಟು ಎದ್ದು ಬಂದವನು. ಮತ್ತೆ ಆ ಕಡೆ ಹೋಗಲಿಲ್ಲ. ಒಂದು ಕಡೆ ಕೂರುವುದೂ ನನ್ನಿಂದಾಗದು, ಸಿನಿಮಾ ಬಿಟ್ಟರೆ.

ಮಾರ್ಚ್ 15, ಭಾನುವಾರ

“ಕಂಡೆನೇನೋ?”

“ಇಲ್ಲಪ್ಪ.”

“ಗಾಜಿನ ಸೀನ್ ಕಣೋ, ನೀಲಿ ಶರ್ಟು...”

“ನೋಡಿದೆ. ಎರಡು ಸಲ. ಅದು ನೀನಲ್ಲ.”

ಆ ಕಡೆ ಗಾಡಿಗಳ ಸದ್ದು. ಯಾರೋ ಯಾರನ್ನೋ ಕೂಗಿದರು.

“ಬಸ್ಸು ಬಂತು ಕಣೋ. ಆಮೇಲೆ ಮಾಡ್ತೀನಿ.”

ಮಾಡಲಿಲ್ಲ.

ಅತ್ತೆ ತಲೆಗೊಂದು ಮೊಟಕಿದಳು. “ಮಹಾ ಸತ್ಯವಂತ ನೀನು! ಊರೆಲ್ಲ ಹೀರೋನ ನೋಡುತ್ತೆ. ನಿಮ್ಮಪ್ಪನ್ನ ನೋಡೋಕೆ ಇದ್ದಿದ್ದು ನೀನೊಬ್ಬ.”

ಮಾರ್ಚ್ 24, ಮಂಗಳವಾರ

ಮೊನ್ನೆ ಭಾನುವಾರ ಫೋನ್ ಇಲ್ಲ. ನಾನೇ ಮಾಡಿದೆ. ಸ್ವಿಚ್ ಆಫ್.

ದೆವ್ವದ್ದು ನೋಡಿದೆ. ಒಬ್ಬನೇ ಇರುವ ಮುದುಕನ ಮನೆಯಲ್ಲಿ ಯಾರೋ ಓಡಾಡುವ ಸದ್ದು. ಎಲ್ಲರಿಗೂ ಹೆದರಿಕೆ. ನನಗೆ ಅನಿಸಿದ್ದು — ಸದ್ಯ, ಯಾರೋ ಇದ್ದಾರಲ್ಲ. ಕೊನೆಗೆ ಅದನ್ನು ಓಡಿಸಿಬಿಡುತ್ತಾರೆ. ಪಾಪ, ಮುದುಕ. ಅದಾದ ಮೇಲೆ ಅವನು ಏನು ಮಾಡುತ್ತಾನೆ ಅಂತ ತೋರಿಸಲಿಲ್ಲ.

ಏಪ್ರಿಲ್ 7, ಮಂಗಳವಾರ

ಫೋನ್ ಇನ್ನೂ ಇಲ್ಲ.

ಇವತ್ತಿನದು ಹಡಗಿನ ಮೇಲೆ ಫೈಟ್. ಹೀರೋ ಒಬ್ಬ, ರೌಡಿಗಳು ಒಂದು ಹಿಂಡು. ಸರದಿ ಪ್ರಕಾರ ಬಂದು ಹೊಡೆಸಿಕೊಂಡು ಹೋಗುತ್ತಾರೆ, ರೇಷನ್ ಅಂಗಡಿಯಲ್ಲಿ ನಿಂತ ಹಾಗೆ. ನೀರಿಗೆ ಬಿದ್ದವರು ಮತ್ತೆ ಮೇಲೆ ಬಂದರೋ ಇಲ್ಲವೋ ಯಾರಿಗೂ ಬೇಕಿಲ್ಲ, ಕ್ಯಾಮೆರಾ ಹೀರೋ ಹಿಂದೆ ಹೋಯಿತು. ನಾನು ನೀರನ್ನೇ ನೋಡುತ್ತಿದ್ದೆ. ಚೆನ್ನಾಗಿತ್ತಾ? ಗೊತ್ತಿಲ್ಲ. ಅರ್ಧಕ್ಕೇ ಎದ್ದು ಬಂದೆ.

ಮನೆಯಲ್ಲಿ ಟೀವಿ ಓಡುತ್ತಿತ್ತು. ಒಬ್ಬ ಬೆಟ್ಟದಿಂದ ಬಿದ್ದ. ಅತ್ತೆ ಎದ್ದು ಬಟ್ಟೆ ಮಡಚಲು ಹೋದಳು.

ಏಪ್ರಿಲ್ 12, ಭಾನುವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಅಪ್ಪ. ಎಡಗೈಯಲ್ಲಿ ಬ್ಯಾಗು. ಬಲಗೈ ಪಕ್ಕಕ್ಕೆ ಅಂಟಿಸಿಟ್ಟ ಹಾಗೆ.

ಅತ್ತೆ ಬೈದು, ಅತ್ತು, ಟೀ ಇಟ್ಟಳು. “ಫೋನಿಗೇನು ದರಿದ್ರ ಬಂದಿತ್ತೋ ನಿಂಗೆ?” ಅವನು ಲೋಟ ಎಡಗೈಗೆ ಬದಲಿಸಿಕೊಂಡ.

ಅವಳು ಅಂಗಡಿಗೆ ಹೋದ ಮೇಲೆ ಅವನೇ ಹೇಳಿದ.

“ಕೈ ಮೇಲಕ್ಕೆ ಏಳಲ್ಲ ಕಣೋ. ಹೋದ ವರ್ಷದಿಂದ. ಫೈಟ್ ಮಾಸ್ಟರ್ ಒಳ್ಳೆಯೋನು, ಕೆಲಸದಿಂದ ಕಳಿಸ್ಲಿಲ್ಲ. ಈಗ ಕೆಳಗೆ ರಟ್ಟಿನ ಡಬ್ಬ ಜೋಡಿಸ್ತೀನಿ, ಬೀಳೋರಿಗೆ.”

“ನೀಲಿ ಶರ್ಟು?”

“ಹೊಸ ಹುಡುಗ. ನಾನೇ ಕಲಿಸಿದ್ದು. ಅವನು ಬಿದ್ದಿದ್ದು ನಾನು ಜೋಡಿಸಿದ ಡಬ್ಬದ ಮೇಲೆ. ಅಂದ್ರೆ... ಪೂರ್ತಿ ಸುಳ್ಳಲ್ಲ.”

“ಮುಕ್ಕಾಲು ಸುಳ್ಳು.”

“ಹೂಂ. ಮುಕ್ಕಾಲು.”

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಬ್ಯಾಗಿನ ಜಿಪ್ ಎಳೆದ, ಮತ್ತೆ ಹಾಕಿದ.

“ನಾನು ಬೀಳ್ದೆ ಇದ್ರೆ ಭಾನುವಾರ ಫೋನಲ್ಲಿ ನಾವೇನೋ ಮಾತಾಡೋದು?”

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ.

ಏಪ್ರಿಲ್ 14, ಮಂಗಳವಾರ, ಮಧ್ಯಾಹ್ನ

ಸಂಜೆ ಆಟಕ್ಕೆ ಇಬ್ಬರೂ ಹೋಗುವುದು ಅಂತ ಆಗಿದೆ. ದೆವ್ವದ್ದು. ಯಾವುದಾದರೂ ಸರಿ ಅಂದ. ಒಟ್ಟಿಗೆ ಕೂತು ನೋಡಿದ್ದೇ ಇಲ್ಲ ನಾವು — ಅವನು ಯಾವಾಗಲೂ ಪರದೆಯ ಆ ಕಡೆ.

ಈಗ ನನ್ನ ಚಾಪೆಯ ಮೇಲೆ ಮಲಗಿದ್ದಾನೆ. ಅಂಗಾತ. ಬಾಯಿ ತುಸು ತೆರೆದಿದೆ. ಗದ್ದದಲ್ಲಿ ಹಳೆಯ ಹೊಲಿಗೆಯ ಗುರುತು, ಯಾವ ಸಿನಿಮಾದ್ದೋ. ಹುಬ್ಬು ನನ್ನದರ ಹಾಗೇ ಇದೆ. ಇಷ್ಟು ಹೊತ್ತು ಅವನ ಮುಖ ನೋಡಿದ್ದು ಇದೇ ಮೊದಲಿರಬೇಕು. ಯಾರಾದರೂ ಕಂಡಾರು ಅಂತ ನಾಚಿಕೆಯೂ ಆಗುತ್ತಿದೆ.

ನಾಳೆ ಹೋಗುತ್ತಾನಂತೆ. ಇರು ಅನ್ನಬೇಕು. ಬೆಳಿಗ್ಗೆಯಿಂದ ಪ್ರಯತ್ನಿಸುತ್ತಿದ್ದೇನೆ. ಅದು ನೀನಲ್ಲ ಅಂತ ಒಂದೇ ಉಸಿರಿಗೆ ಹೇಳಿದವನಿಗೆ ಈ ಒಂದು ಮಾತು ಬಾಯಿಗೆ ಬರುತ್ತಿಲ್ಲ. ಮೇಸ್ತ್ರಿಯನ್ನು ಕೇಳಿದರೆ ನಗುತ್ತಾರೆ. ಥಿಯೇಟರ್ ಕತ್ತಲಲ್ಲಿ ಹೇಳಬಹುದು. ಇಂಟರ್‌ವಲ್‌ಗೆ ಮುಂಚೆ...

ಎದ್ದ. ಶರ್ಟ್ ಹಾಕಿಕೊಳ್ಳುತ್ತಿದ್ದಾನೆ. ಎಡತೋಳು ಆಯಿತು. ಬಲಗೈ ತೋಳಿನೊಳಗೆ ಹೋಗುತ್ತಿಲ್ಲ. ಗೋಡೆಗೆ ಒರಗಿಕೊಂಡು ಮತ್ತೆ ಪ್ರಯತ್ನಿಸುತ್ತಿದ್ದಾನೆ. ಕರೆಯುವುದಿಲ್ಲ, ಗೊತ್ತು. ನಾನೇ ಹೋಗಿ —